ಬಯಲಾಟದ ರಕ್ಕಸ ವೇಷ

ಕರ್ನಾಟಕದ ಬಯಲಾಟಗಳಲ್ಲಿ ರಾವಣ, ಮಹಿಷಾಸುರ, ಬಕಾಸುರ, ಹಿಡಿಂಬ, ಶೂರ್ಪನಖಿ ಮೊದಲಾದ ರಾಕ್ಷಸ ಪಾತ್ರಗಳ ವೇಷ ಮತ್ತು ಅವುಗಳ ಸುತ್ತ ಬೆಳೆದ ಕಥನ ಕಟ್ಟಳೆ. ಕಾಸರಗೋಡು, ದಕ್ಷಿಣ ಕನ್ನಡ ಪ್ರದೇಶದ ತೆಂಕುತಿಟ್ಟು ಯಕ್ಷಗಾನದಲ್ಲಿ ಇದಕ್ಕೆ ಬಣ್ಣದ ವೇಷ ಎಂದು ಹೆಸರು. ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿಯೂ ರಕ್ಕಸ ಪಾತ್ರಗಳಿವೆ. ಆದರೆ ರಕ್ಕಸನನ್ನು ಕಥೆಯೊಳಕ್ಕೆ ಕರೆತರುವ ಕ್ರಮ ತೆಂಕುತಿಟ್ಟಿನಲ್ಲಿ ಬೆಳೆದಷ್ಟು ವಿಸ್ತಾರವಾಗಿ ಬೇರೆಡೆ ಬೆಳೆಯಲಿಲ್ಲ.

ಎಲ್ಲ ವೇಷಕ್ಕೂ ಬಣ್ಣ ಬೇಕು. ಆದರೂ 'ಬಣ್ಣ' ಎಂದರೆ ರಕ್ಕಸನೇ. ತೆಂಕಿನಲ್ಲಿ ಇದರೊಳಗೆ ಮತ್ತೆ ಭೇದಗಳುಂಟು: ರಾವಣನಂಥ ದೊರೆಗಳದು ರಾಜಬಣ್ಣ, ಕಾಡಿನ ರಕ್ಕಸರದು ಕಾಟುಬಣ್ಣ, ಶೂರ್ಪನಖಿ, ತಾಟಕಿಯರದು ಹೆಣ್ಣುಬಣ್ಣ. ಕೊಂಬು ಹೊತ್ತ ಮಹಿಷಾಸುರನದು ಇವೆಲ್ಲಕ್ಕಿಂತ ಬೇರೆಯೇ ಒಂದು ರೂಪ. ಮುಖದ ಕಪ್ಪು, ಕೆಂಪು ಬಣ್ಣಗಳ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿಯ ಮುಳ್ಳುಗಳನ್ನು ಒಂದೊಂದಾಗಿ ಸಾಲಿನಲ್ಲಿ ಇಡುತ್ತಾರೆ. ಇದು ಚಿಟ್ಟಿ. ಹೆಸರು ಕೇಳಿದರೆ ಕಥಕಳಿಯ ಚುಟ್ಟಿ ನೆನಪಾಗುತ್ತದೆ, ಎರಡೂ ನೆರೆಮನೆಯ ಕಲೆಗಳೇ ತಾನೆ. ಚಿಟ್ಟಿ ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ, ಒಣಗುವ ತನಕ ಮುಖ ಅಲುಗಿಸುವಂತಿಲ್ಲ. ನಡುರಾತ್ರಿಯ ಪ್ರವೇಶಕ್ಕೆ ಕಲಾವಿದ ಆಟ ಶುರುವಾಗುವ ಹೊತ್ತಿಗೇ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತಿರಬೇಕು. ಹೀಗೆ ಬಾಳೆಲ್ಲ ಒಂದೇ ಬಗೆಯ ವೇಷಕ್ಕೆ ಮುಡಿಪಾಗಿಟ್ಟವರ ಹೆಸರಿಗೂ ಬಣ್ಣ ಅಂಟಿಕೊಂಡಿತು: ಬಣ್ಣದ ಮಾಲಿಂಗ, ಬಣ್ಣದ ಕುಟ್ಯಪ್ಪು. ಚಂದ್ರಗಿರಿ ಅಂಬು ಅದೇ ಸಾಲಿನವರು. ಯಕ್ಷಗಾನದ ಇನ್ನೊಂದು ಕವಲಾದ ಬಡಗುತಿಟ್ಟಿನಲ್ಲಿ ಈ ವೇಷಕ್ಕೆ ಹೆಸರಾದವರು ಸಕ್ಕಟ್ಟು ಲಕ್ಷ್ಮೀನಾರಾಯಣಯ್ಯ.

ಒಡ್ಡೋಲಗ. ಒಡ್ಡೋಲಗವೆಂದರೆ ಪಾತ್ರದ ರಂಗಪ್ರವೇಶ. ಅದರಲ್ಲಿ ರಕ್ಕಸನನ್ನು ಒಮ್ಮೆಗೇ ತೋರಿಸಬಾರದು ಎಂಬುದು ಮೊದಲ ಕಟ್ಟಳೆ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಮೊದಲು ಕೇಳುವುದು ಆರ್ಭಟೆ, ಕಾಣುವುದು ಕಿರೀಟದ ತುದಿ. ಆಮೇಲೆ ಬೆರಳು, ಕೈ, ಬೆನ್ನು. ಚೆಂಡೆಯ ಪೆಟ್ಟು ಏರುತ್ತದೆ, ಬೆಂಕಿಯ ಮೇಲೆ ರಾಳದ ಪುಡಿ ಎರಚಿದಾಗ ಭಗ್ಗೆಂದು ಎದ್ದ ಬೆಳಕಿನಲ್ಲಿ ಮುಖದ ಒಂದು ಪಾಲು ಕಂಡು ಮರೆಯಾಗುತ್ತದೆ. ನಿದ್ದೆಗೆ ಜಾರಿದ್ದ ಮಕ್ಕಳು ಎದ್ದು ಕೂರುವ ಹೊತ್ತು ಅದು.

ಇಷ್ಟಾದ ಮೇಲೆ ನೋಡುಗರು ಕೊಲೆ, ಸುಲಿಗೆಯನ್ನು ನಿರೀಕ್ಷಿಸುವುದು ಸಹಜ. ಆದರೆ ಒಡ್ಡೋಲಗ ತೋರಿಸುವುದು ರಕ್ಕಸನ ದಿನಚರಿಯನ್ನು. ರಾವಣ ಮೀಯುತ್ತಾನೆ, ಕನ್ನಡಿ ನೋಡಿಕೊಳ್ಳುತ್ತಾನೆ, ಭಸ್ಮ ಬಳಿದುಕೊಳ್ಳುತ್ತಾನೆ, ಶಿವಪೂಜೆಗೆ ಕೂರುತ್ತಾನೆ. ಎಲ್ಲವೂ ಅಭಿನಯದಲ್ಲೇ, ಮಾತಿಲ್ಲ. ಕೇಡು ಮಾಡುವ ಮೊದಲು ಅವನು ತನ್ನ ಮನೆಯಲ್ಲಿ ಹೇಗಿರುತ್ತಾನೆ ಎಂಬುದನ್ನು ನಾವು ನೋಡಿರುತ್ತೇವೆ. ರಂಗಸ್ಥಳದಲ್ಲಿ ನಾಯಕನಿಗೂ ಒಡ್ಡೋಲಗವುಂಟು, ಆದರೆ ಅವನ ಮುಖ ತೊಳೆಯುವ ವಿವರ ಯಾರಿಗೂ ಬೇಕಿಲ್ಲ. ಈ ಭಾಗ್ಯ ರಕ್ಕಸನಿಗೆ ಮಾತ್ರ ಒದಗಿದ್ದು ವಿಚಿತ್ರವಾಗಿ ತೋರಬಹುದು. ಬಣ್ಣದ ವೇಷದ ತೂಕವಿರುವುದೇ ಇಲ್ಲಿ.

ಎರಡನೆಯ ಕಟ್ಟಳೆ ಮಾತಿನದು. ಬಂದವನು ಯಾರು, ಏಕೆ ಬಂದ ಎಂಬುದನ್ನು ಹಾಡುಗಾರ ಭಾಗವತ ಕೇಳಿ ಹೊರಡಿಸುತ್ತಾನೆ, ರಕ್ಕಸ ತನ್ನ ಕುಲ, ವರ, ಸಿಟ್ಟು ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. 'ದೇವಿಮಹಾತ್ಮೆ' ಪ್ರಸಂಗದ ಮಹಿಷಾಸುರನನ್ನು ತೆಗೆದುಕೊಳ್ಳಿ. ಅವನಿಗೆ ತೆರೆ ಸಾಲದು. ದೂರದ ಕತ್ತಲಿನಿಂದ ದೊಂದಿ ಹಿಡಿದವರ ನಡುವೆ, ಪಟಾಕಿಯ ಸದ್ದಿನೊಂದಿಗೆ, ಕೂತ ಜನರ ಮಧ್ಯದಿಂದಲೇ ನುಗ್ಗಿ ಬರುತ್ತಾನೆ. ಕಟೀಲು ಮೇಳದ ಆಟಗಳಲ್ಲಿ ಇದನ್ನು ನೋಡುವುದಕ್ಕೆಂದೇ ಊರು ಕಾಯುತ್ತದೆ. ಅಷ್ಟೆಲ್ಲ ಅಬ್ಬರ ಮಾಡಿ ರಂಗಸ್ಥಳ ಏರಿದವನು ತಾಯಿ ಮಾಲಿನಿಯ ಮುಂದೆ ನಿಂತು ವಿಚಾರಿಸುವುದು ತನ್ನ ತಂದೆಯ ಬಗ್ಗೆ. ದೇವತೆಗಳ ಮೇಲಿನ ಯುದ್ಧ ಆ ಮಾತಿನ ಬೆನ್ನಿಗೆ ಹುಟ್ಟುತ್ತದೆ.

ಪ್ರಸಂಗಗಳ ಪರಂಪರೆ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಾರದಲ್ಲಿರುವ ರಾಮಾಯಣ ಪ್ರಸಂಗಗಳು ರಾವಣ, ಶೂರ್ಪನಖಿ, ಕುಂಭಕರ್ಣರಿಗೆ ದೊಡ್ಡ ಅವಕಾಶ ಮಾಡಿಕೊಟ್ಟವು. ಮಹಾಭಾರತದ ಕಥೆಯಿಂದ ಬಂದ ಬಕಾಸುರ ಬೇರೊಂದು ಮಾದರಿ. ಏಕಚಕ್ರದ ಜನ ಸರದಿಯ ಪ್ರಕಾರ ಬಂಡಿ ಅನ್ನ, ಎರಡು ಕೋಣ, ಜೊತೆಗೊಬ್ಬ ಮನುಷ್ಯನನ್ನು ಕಳಿಸಬೇಕು. ಆ ಅನ್ನವನ್ನು ಭೀಮ ತಾನೇ ಉಂಡು ಮುಗಿಸುತ್ತಾನೆ. ಹಾಸ್ಯ ಮತ್ತು ಭಯ ಒಂದೇ ಬಂಡಿಯಲ್ಲಿ ಬರುವ ಈ ಪ್ರಸಂಗ ಹಳ್ಳಿಗಳಲ್ಲಿ ಹಳೆಯದಾಗಿಲ್ಲ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಇಡೀ ಕಲೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಗ್ರಂಥ, 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ದೊಡ್ಡಾಟ. ಕಲಬುರಗಿ ಭಾಗದ ದೊಡ್ಡಾಟದಲ್ಲಿ ಚಿಟ್ಟಿಯಿಲ್ಲ. ರಕ್ಕಸನ ಗಾತ್ರವನ್ನು ಹೇಳುವುದು ಭುಜಕೀರ್ತಿ, ಎದೆಹಾರ, ಭಾರದ ಕಿರೀಟ ಮತ್ತು ದನಿ. ಸುಗ್ಗಿ ಮುಗಿಸಿದ ರೈತರು ಮಾಸ್ತರನ ಕೈಕೆಳಗೆ ತಿಂಗಳುಗಟ್ಟಲೆ ತಾಲೀಮು ಮಾಡಿ ಅಟ್ಟ ಏರುತ್ತಾರೆ. ಅಲ್ಲಿ ಪ್ರಶ್ನೆ ಕೇಳುವವನು ವಿದೂಷಕನಾದ ಸಾರಥಿ. ಬಂದವನು ಎಂಥ ದೈತ್ಯನೇ ಇರಲಿ, ತಾವು ಯಾರು, ಊರು ಯಾವುದು, ಹೆಸರೇನು ಎಂದು ಅವನು ಕೇಳಿಯೇ ತೀರುತ್ತಾನೆ. ಲೋಕವನ್ನು ನಡುಗಿಸುವವನು ಒಬ್ಬ ವಿದೂಷಕನಿಗೆ ಲೆಕ್ಕ ಒಪ್ಪಿಸುವುದರಲ್ಲಿ ಜನಕ್ಕೆ ಸಿಗುವ ಖುಷಿ ಸಣ್ಣದಲ್ಲ. ಇದೇ ಸೀಮೆಯ ಸಣ್ಣಾಟ ಮನುಷ್ಯರ ಕಥೆಗಳತ್ತ ಹೊರಳಿದ್ದರಿಂದ ಅದರಲ್ಲಿ ರಕ್ಕಸನಿಗೆ ಕೆಲಸವಿಲ್ಲ.

ಹೊರಗಿನ ಹೋಲಿಕೆ. ವೇಷದೊಳಗೆ ಮನುಷ್ಯನನ್ನು ಕೂರಿಸಿ ದೈತ್ಯನನ್ನು ಕಟ್ಟುವ ಇನ್ನೊಂದು ದೊಡ್ಡ ಪರಂಪರೆ ಜಪಾನಿನ ಕೈಜು (ದೈತ್ಯಪ್ರಾಣಿ) ಚಿತ್ರಗಳದು. 1954ರ ಮಾರ್ಚಿನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಜಪಾನಿನ ಮೀನುಗಾರರ ದೋಣಿಯೊಂದರ ಮೇಲೆ ಬಿತ್ತು. ಆ ಭಯದ ಬೆನ್ನಿಗೇ, ಅದೇ ವರ್ಷದ ನವೆಂಬರಿನಲ್ಲಿ, ತೋಹೋ ಸಂಸ್ಥೆಯ 'ಗೊಜಿರಾ' (ಗಾಡ್ಜಿಲ್ಲಾ) ತೆರೆಗೆ ಬಂತು. ನಿರ್ದೇಶನ ಇಶಿರೋ ಹೋಂಡಾ, ತಂತ್ರದ ಕೈಚಳಕ ಎಯಿಜಿ ತ್ಸುಬುರಾಯಾ, ಭಾರದ ರಬ್ಬರು ವೇಷದೊಳಗೆ ಬೆವರಿದವರಲ್ಲಿ ಮುಖ್ಯರು ಹರುವೊ ನಕಾಜಿಮಾ. ಅಲ್ಲಿಯೂ ದೈತ್ಯ ಒಮ್ಮೆಗೇ ಕಾಣುವುದಿಲ್ಲ: ಮೊದಲು ಮುಳುಗಿದ ಹಡಗು, ಆಮೇಲೆ ಹೆಜ್ಜೆ ಗುರುತು, ಬಳಿಕ ಗುಡ್ಡದ ಮೇಲೆ ಇಣುಕಿದ ತಲೆ. ತೆರೆಯ ಕೆಲಸವನ್ನು ಗುಡ್ಡ ಮಾಡಿದೆ. ಚಿತ್ರದ ಓಡೋ ದ್ವೀಪದ ಮುದುಕನೊಬ್ಬ, ಹಿಂದೆ ಈ ಪ್ರಾಣಿಗೆ ಹುಡುಗಿಯರನ್ನು ಬಲಿ ಕೊಡುತ್ತಿದ್ದೆವು ಎನ್ನುತ್ತಾನೆ. ಏಕಚಕ್ರದವರಿಗೆ ಈ ಮಾತು ಹೊಸದಲ್ಲ.

ಬೇರೆಯಾಗುವುದು ಮಾತಿನ ಬಳಿ. ಗೊಜಿರಾನಿಗೆ ಕೂಗುಂಟು, ಮಾತಿಲ್ಲ. ಅವನು ಯಾಕೆ ಬಂದನೆಂದು ವಿವರಿಸಲು ವಿಜ್ಞಾನಿ ಬೇಕು, ತಡೆಯಲು ಸೈನ್ಯ ಬೇಕು, ಸೈನ್ಯ ಸೋಲಲೇಬೇಕು. ಹತ್ತು ವರ್ಷ ಕಳೆದು, 1964ರಲ್ಲಿ ಮೂರು ತಲೆಯ ಘಿಡೊರಾ ಬಂದ ಚಿತ್ರದಲ್ಲಿ ಗೊಜಿರಾ, ರೋಡಾನ್, ಮೋಥ್ರಾ ಎಂಬ ಮೂವರು ದೈತ್ಯರೂ ಸೇರಿ ಪಂಚಾಯಿತಿ ನಡೆಸುತ್ತಾರೆ. ಅವರ ಮಾತನ್ನು ಮನುಷ್ಯರಿಗೆ ತಿಳಿಸಿಕೊಡುವವರು ಅಂಗೈಯಗಲದ ಇಬ್ಬರು ಅವಳಿ ಹುಡುಗಿಯರು. ಅಂತೂ ಜಪಾನಿನ ದೈತ್ಯರಿಗೂ ಒಬ್ಬ ಸಾರಥಿ ಸಿಕ್ಕಂತಾಯಿತು.

ಕನ್ನಡ ಸಿನಿಮಾ. ಪೌರಾಣಿಕ ಚಿತ್ರಗಳು ರಕ್ಕಸನ ಮಾತನ್ನು ಉಳಿಸಿಕೊಂಡು ಬಣ್ಣವನ್ನು ಬಿಟ್ಟವು. 'ಭೂಕೈಲಾಸ'ದ (1958) ರಾವಣ, ಬಿ.ಎಸ್. ರಂಗಾ ಅವರ 'ಮಹಿಷಾಸುರ ಮರ್ದಿನಿ'ಯ (1959) ಮಹಿಷಾಸುರ, 'ಭಕ್ತ ಪ್ರಹ್ಲಾದ'ದ (1983) ಹಿರಣ್ಯಕಶಿಪು, ಮೂವರೂ ರಾಜಕುಮಾರ್. ವೃತ್ತಿರಂಗಭೂಮಿಯಿಂದ ಬಂದ ಆ ಕಂಠಕ್ಕೆ ಚಿಟ್ಟಿಯ ಹಂಗಿರಲಿಲ್ಲ. ಮೀಸೆ, ಕಿರೀಟ, ಗದೆಯೇ ಸಾಕಾಯಿತು.

ಈಚಿನ ಸ್ಥಿತಿ. ಇಪ್ಪತ್ತನೆಯ ಶತಮಾನದ ನಡುಭಾಗದ ನಂತರ ಡೇರೆ ಮೇಳಗಳೂ ತುಳು ಪ್ರಸಂಗಗಳೂ ಹೆಚ್ಚಿದಂತೆ ಬಣ್ಣದ ವೇಷಕ್ಕೆ ಕೆಲಸ ಕಡಿಮೆಯಾಯಿತು. ವಿದ್ಯುತ್ ದೀಪ ಬಂದ ಮೇಲೆ, ದೊಂದಿಯ ಅಲುಗುವ ಬೆಳಕಿಗೆಂದೇ ಬೆಳೆದ ಬಣ್ಣಗಾರಿಕೆ ಬಿಳಿಬೆಳಕಿನಲ್ಲಿ ಬೇರೆಯಾಗಿಯೇ ಕಾಣತೊಡಗಿತು. ಅದಕ್ಕಿಂತ ದೊಡ್ಡ ಪೆಟ್ಟು ಕಾಲಮಿತಿಯದು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕೆಲವೇ ಗಂಟೆಗೆ ಇಳಿದಾಗ ಕತ್ತರಿ ಮೊದಲು ಬೀಳುವುದು ಒಡ್ಡೋಲಗಕ್ಕೆ. ಮಹಿಷಾಸುರನ ಬೆಂಕಿಯ ಪ್ರವೇಶವನ್ನು ಯಾರೂ ಬಿಡುವುದಿಲ್ಲ, ಜನ ಮೊಬೈಲು ಎತ್ತಿ ಹಿಡಿಯುವುದು ಅದಕ್ಕೇ. ಹೋಗುವುದು ರಾವಣನ ಸ್ನಾನ, ಕನ್ನಡಿ, ಭಸ್ಮ.