ನಾಲ್ಕು ಜನ, ಒಂದೂವರೆ ಗಿಟಾರು

ಎಂಬತ್ತರ ದಶಕದ ಧಾರವಾಡದಲ್ಲಿ ‘ನಾವು ಹುಡುಗರು ಸೇರಿ ಒಂದು ಬ್ಯಾಂಡ್ ಮಾಡೀವಿ’ ಎಂದರೆ ಎದುರಿನವರ ಮೊದಲ ಪ್ರಶ್ನೆ ‘ಮದುವಿಗೆ ಎಷ್ಟ ತೊಗೋತೀರಿ?’ ಎಂದಿರುತ್ತಿತ್ತು. ಬ್ಯಾಂಡ್ ಎಂದರೆ ಬಣ್ಣದ ಕೋಟು ತೊಟ್ಟು, ಮದುವೆ ಮೆರವಣಿಗೆಯ ಮುಂದೆ ಕ್ಲಾರಿಯೊನೆಟ್, ಟ್ರಂಪೆಟ್ ಊದುತ್ತ ನಡೆಯುವವರು. ನಮ್ಮ ಡ್ರಮ್ಮರ್ ಅಂಥದೇ ಮನೆತನದವನಾದ್ದರಿಂದ ಗಂಭೀರವಾಗಿಯೇ ದರ ಹೇಳಿಬಿಡುತ್ತಿದ್ದ.

ಊರಾದರೂ ಎಂಥದು! ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಇನ್ನೂ ಹಾಡುತ್ತಿದ್ದರು. ಇಪ್ಪತ್ತು ಕಿಲೋಮೀಟರ್ ಆಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಇದ್ದರು. 1912ರಲ್ಲಿ ರಹಿಮತ್ ಖಾನರು ಬಂದು ನೆಲೆಸಿದ ಮೇಲೆ ಧಾರವಾಡ ಸಿತಾರಿನ ಊರೂ ಆಗಿತ್ತು. ಇಂಥ ಕಡೆ ಗಿಟಾರು ಹಿಡಿದು ಬೀದಿಯಲ್ಲಿ ನಡೆಯುವುದೆಂದರೆ ಪೇಢೆ ಅಂಗಡಿಯ ಮುಂದೆ ಬಿಸ್ಕತ್ತು ಮಾರಿದ ಹಾಗೆ.

ನಮ್ಮ ಸೀಮೆಗೆ ಗಿಟಾರು ಬಂದ ದಾರಿಯನ್ನು ಹುಡುಕಿದರೆ ಅದು ರೈಲು ಹಳಿಯ ಮೇಲೇ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಲ್ಲಿ ಕಾರ್ಯಾಗಾರ ಕಟ್ಟಿತು. ಅದರ ಬೆನ್ನಿಗೆ ಆಂಗ್ಲೋ-ಇಂಡಿಯನ್ ಮತ್ತು ಗೋವಾ ಮೂಲದ ಕುಟುಂಬಗಳು ರೈಲ್ವೆ ಕಾಲನಿಗಳಿಗೆ ಬಂದವು. ಲೋಂಡಾ ದಾಟಿ ದೂಧಸಾಗರದ ಘಟ್ಟ ಇಳಿದರೆ ಗೋವೆ. ಅಲ್ಲಿ ಚರ್ಚಿನ ಶಾಲೆಗಳಲ್ಲೇ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಕಲಿಸುತ್ತಿದ್ದರು. ಮುಂಬಯಿಯ ಹಿಂದಿ ಸಿನಿಮಾ ವಾದ್ಯವೃಂದಗಳನ್ನು ತುಂಬಿದವರಲ್ಲಿ ಗೋವೆಯವರು ಅಷ್ಟೊಂದು ಇದ್ದದ್ದು ಇದರಿಂದಲೇ. ಹುಬ್ಬಳ್ಳಿಯ ಕಾಲನಿಯಲ್ಲಿ ಕ್ರಿಸ್‌ಮಸ್ ಹತ್ತಿರವಾದಾಗ ಕೇಳುತ್ತಿದ್ದ ಗಿಟಾರುಗಳು ಆ ಪರಂಪರೆಯ ಒಂದು ಸಣ್ಣ ಕವಲು.

ನಮ್ಮ ಅಪ್ಪಂದಿರ ಕಿವಿಯಲ್ಲಿ ಇನ್ನೊಂದು ಗಿಟಾರು ಇತ್ತು: ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರು. 1940ರ ದಶಕದಲ್ಲಿ ಕೋಲ್ಕತ್ತಾದಲ್ಲಿ ನೆಲೆಸಿದ್ದ ತಾವ್ ಮೋ ಎಂಬ ಕಲಾವಿದನಂಥವರಿಂದ ಅದು ದೇಶದಲ್ಲಿ ಹರಡಿತು. ಆಮೇಲೆ ವ್ಯಾನ್ ಶಿಪ್ಲಿಯಂಥವರ ರೆಕಾರ್ಡುಗಳಲ್ಲಿ ಸಿನಿಮಾ ಧಾಟಿಗಳನ್ನು ನುಡಿಯಿತು. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರ ಜೊತೆ ಬ್ರಿಜಭೂಷಣ ಕಾಬ್ರಾ ಅದನ್ನು ಶಾಸ್ತ್ರೀಯ ವಾದ್ಯವಾಗಿಯೇ ನುಡಿಸಿದರು. ಹೀಗಾಗಿ ಗಿಟಾರನ್ನು ಎದೆಗೆ ಆನಿಸಿಕೊಂಡು ಕೆರೆಯುವ ನಮ್ಮನ್ನು ಕಂಡರೆ ಹಿರಿಯರಿಗೆ, ಮಲಗಿಸುವ ವಾದ್ಯವನ್ನು ಈ ಹುಡುಗರು ಯಾಕೆ ನಿಲ್ಲಿಸಿದ್ದಾರೆ ಎಂಬ ಅನುಮಾನ.

ನಾವು ಸೇರಿದ್ದು 1984ರಲ್ಲಿ. ಹುಬ್ಬಳ್ಳಿಯ ರೈಲ್ವೆ ಕಾಲನಿಯ ಗೆಳೆಯನೊಬ್ಬ ಹಾಡುತ್ತಿದ್ದ, ಸೋಲೋ ನುಡಿಸುತ್ತಿದ್ದ. ಅವನ ಬಳಿ ಗೋವೆಯಿಂದ ತಂದ, ನಡುವಿನ ರಂಧ್ರಕ್ಕೆ ಪಿಕಪ್ ಕೂರಿಸಿದ ಗಿಟಾರು ಇತ್ತು. ಎರಡನೆಯವನ ಬಳಿ ಇದ್ದದ್ದು ಕುತ್ತಿಗೆ ಬಾಗಿದ ಒಂದು ಹಳೆಯ ಗಿಟಾರು. ಅದರ ಮೇಲಿನ ಎರಡು ತೆಳು ತಂತಿಗಳನ್ನು ತೆಗೆದುಹಾಕಿ, ಉಳಿದ ನಾಲ್ಕನ್ನು ಬೇಸ್ ಎಂದು ಕರೆದೆವು. ಮೂರನೆಯವನು ಮನೆಯ ಬ್ಯಾಂಡ್‌ಸೆಟ್ಟಿನಿಂದ ಒಂದು ಸೈಡ್ ಡ್ರಮ್, ಒಂದು ಕಂಚಿನ ತಾಟು ತಂದ. ನಾಲ್ಕನೆಯವನಾದ ನನ್ನ ಬಳಿ ಹಾಡುಗಳ ಕಾರ್ಡ್ ಬರೆದಿಟ್ಟ ಇನ್ನೂರು ಪುಟದ ನೋಟುಬುಕ್ಕು ಮಾತ್ರ ಇತ್ತು. ಗೆಳೆಯ ಹಾಡುವಾಗ ಅವನ ಗಿಟಾರು ನನ್ನ ಹೆಗಲಿಗೆ ಬರುತ್ತಿತ್ತು. ಸೋಲೋ ಹತ್ತಿರವಾದಾಗ ನಾನು ಪಟ್ಟಿ ಬಿಚ್ಚಿ ಅವನಿಗೆ ಕೊಡುತ್ತಿದ್ದೆ. ಆ ಕೈಬದಲಿಗೆ ಬೇಕಾದ ನಾಲ್ಕು ತಾಳವನ್ನು ಡ್ರಮ್ಮರ್ ಒಬ್ಬನೇ ತುಂಬುತ್ತಿದ್ದ. ಅದು ನಮ್ಮ ಶೈಲಿ ಎಂದುಕೊಂಡು ಕೆಲವರು ಮೆಚ್ಚಿದ್ದೂ ಉಂಟು.

ಉಳುಮೆ, ನಾಟಿಯ ಕಾಲಕ್ಕೆ ಕೂಲಿ ಕೊಡಲಾಗದ ರೈತರು ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವ ಮುಯ್ಯಾಳು ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತಲ್ಲ, ಬ್ಯಾಂಡ್ ಎಂದರೆ ಅಂಥದೇ ಏರ್ಪಾಡು ಎಂದು ಈಗ ಅನ್ನಿಸುತ್ತದೆ. ಪಶ್ಚಿಮದ ರಾಕ್ ಚರಿತ್ರೆಯ ಪುಸ್ತಕಗಳಲ್ಲಿ ಬ್ಯಾಂಡುಗಳು ಹುಟ್ಟುವುದು ಬಂಡಾಯದಿಂದ. ನಮ್ಮದು ಹುಟ್ಟಿದ್ದು ಒಬ್ಬನ ಹತ್ತಿರವೂ ಎಲ್ಲವೂ ಇಲ್ಲವೆಂಬ ಕಾರಣಕ್ಕೆ.

1991ಕ್ಕೆ ಮೊದಲಿನ ಆಮದು ನಿರ್ಬಂಧ, ಸುಂಕಗಳ ಕಾಲ ಅದು. ವಿದೇಶಿ ಗಿಟಾರು ಎಂದರೆ ಕೊಲ್ಲಿಯಿಂದ ಯಾರೋ ಹೊತ್ತು ತಂದದ್ದು. ದೇಶದ ಹುಡುಗರಿಗೆ ಆಧಾರ ಕೋಲ್ಕತ್ತಾದ ತಯಾರಕರು. ಅಮೆರಿಕದ ಗಿಬ್ಸನ್‌ಗೆ ಒಂದೇ ಅಕ್ಷರ ದೂರದ ಗಿವ್ಸನ್ ಎಂಬ ಹೆಸರು ಎಷ್ಟು ಜನರ ಮೊದಲ ಗಿಟಾರಿನ ತಲೆಯ ಮೇಲಿತ್ತೋ! ಗಿಟಾರು ಸಿಕ್ಕರೂ ತಂತಿ ಸಿಗುತ್ತಿರಲಿಲ್ಲ. ಇಲ್ಲಿ ನಮ್ಮನ್ನು ಕಾಪಾಡಿದ್ದು ಸಿತಾರು. ಸಿತಾರಿನ ಬಾಜ್ ತಂತಿ ಸುಮಾರು 0.30 ಮಿಲಿಮೀಟರ್ ದಪ್ಪದ ಉಕ್ಕಿನದು. ಗಿಟಾರಿನ ಮೊದಲ ತಂತಿಗೂ ಹೆಚ್ಚುಕಡಿಮೆ ಅದೇ ಅಳತೆ. ಧಾರವಾಡದ ವಾದ್ಯದಂಗಡಿಯಲ್ಲಿ ಅದಕ್ಕೆ ಬರವಿರಲಿಲ್ಲ. ತುದಿಯನ್ನು ಹಳೆಯ ತಂತಿಯ ಹಿತ್ತಾಳೆ ಗುಂಡಿಗೆ ಸುತ್ತಿ ಬಿಗಿದರೆ ಮುಗಿಯಿತು. ಸುರುಳಿ ಸುತ್ತಿದ ದಪ್ಪ ತಂತಿಗಳಿಗೆ ಮಾತ್ರ ಬದಲಿ ಇರಲಿಲ್ಲ. ಮಂಕಾದಾಗ ಅವನ್ನು ಬಿಚ್ಚಿ ನೀರಿನಲ್ಲಿ ಕುದಿಸುತ್ತಿದ್ದೆವು. ಜಿಡ್ಡು ಬಿಟ್ಟು ಒಂದು ವಾರ ಹೊಸದರಂತೆ ಮಿಡಿಯುತ್ತಿದ್ದವು. ಕಾಪೋ ಬದಲು ಪೆನ್ಸಿಲ್ಲು ಮತ್ತು ರಬ್ಬರ್ ಬ್ಯಾಂಡು. ಪ್ಲೆಕ್ಟ್ರಮ್ ಬದಲು ಸೋಪಿನ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಚೂರು.

ಸೋಲೋಗಳನ್ನು ಕಲಿಯುತ್ತಿದ್ದದ್ದು ಗೆಳೆಯನ ಮನೆಯ ಹಳೆಯ ರೆಕಾರ್ಡ್ ಪ್ಲೇಯರಿನಿಂದ. ಅದರಲ್ಲಿ 78, 45, 33ರ ಜೊತೆ 16 ಎಂಬ ನಾಲ್ಕನೆಯ ವೇಗವೂ ಇತ್ತು. ಎಲ್‌ಪಿ ಸುತ್ತುವುದು ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ತುಸು ಹೆಚ್ಚು ಸಲ. ಹದಿನಾರರ ಗುರುತಿನ ವೇಗ ಸರಿಯಾಗಿ ಅದರ ಅರ್ಧ. ಆದ್ದರಿಂದ ಹಾಡು ಅರ್ಧ ವೇಗದಲ್ಲಿ, ಒಂದು ಸಪ್ತಕ ಕೆಳಗೆ, ಅದೇ ಶ್ರುತಿಯಲ್ಲಿ ಕೇಳಿಸುತ್ತಿತ್ತು. ಡೀಪ್ ಪರ್ಪಲ್‌ನ ಬಿರುಗಾಳಿಯಂಥ ಸ್ವರಗುಚ್ಛಗಳು ಹದಿನಾರರಲ್ಲಿ ವಿಲಂಬಿತ ಆಲಾಪವಾಗುತ್ತಿದ್ದವು. ಒಂದೊಂದೇ ಸ್ವರ ಹೆಕ್ಕಿ ನನ್ನ ನೋಟುಬುಕ್ಕಿಗೆ ಸ-ರಿ-ಗ-ಮದಲ್ಲೇ ಬರೆದುಕೊಳ್ಳುತ್ತಿದ್ದೆವು.

ನಾವು ಅಭ್ಯಾಸ ಮಾಡುತ್ತಿದ್ದ ಮಾಳಮಡ್ಡಿಯ ಹಿತ್ತಿಲ ಕೋಣೆಯ ಪಕ್ಕದಲ್ಲಿ ಮಕ್ಕಳಿಗೆ ಗಾಯನ ಹೇಳಿಕೊಡುವ ಮಾಸ್ತರರೊಬ್ಬರು ಇದ್ದರು. ಒಂದು ಸಂಜೆ ಬೇಲಿ ದಾಟಿ ಬಂದು, ‘ಹಾಡು ಏನರೆ ಹಾಡ್ರಿ, ಮೊದಲ ಶ್ರುತಿ ಹಚ್ಚರಿ’ ಎಂದು ಗಿಟಾರು ಕೈಗೆ ತೆಗೆದುಕೊಂಡರು. ಮೂರನೆಯ ತಂತಿ ಜಿ, ಎರಡನೆಯದು ಬಿ. ಅವರ ಕಿವಿಗೆ ಅದು ಷಡ್ಜ, ಗಾಂಧಾರ. ಬಿ ತಂತಿಯನ್ನು ಕೂದಲೆಳೆಯಷ್ಟು ಇಳಿಸಿದರು. ಜಿ ಕಾರ್ಡು ತಂಬೂರಿಯಂತೆ ತುಂಬಿ ಬಂತು. ಆದರೆ ಇ ಕಾರ್ಡು ಹಿಡಿದಾಗ ಅದೇ ಬಿ ತಂತಿ ಪಂಚಮವಾಗಬೇಕು. ಇಳಿದ ಪಂಚಮ ಅಳತೊಡಗಿತು. ಅದನ್ನು ಸರಿಪಡಿಸಿದರೆ ಇದು ಕೆಡುತ್ತದೆ, ಇದನ್ನು ಸರಿಪಡಿಸಿದರೆ ಅದು. ಸಪ್ತಕವನ್ನು 1200 ಸೆಂಟುಗಳೆಂದು ಅಳೆದರೆ ತಂಬೂರಿಯಿಂದ ಹೊಮ್ಮುವ ಗಾಂಧಾರ 386ರಲ್ಲಿದೆ, ಗಿಟಾರಿನ ಮೆಟ್ಟಿಲಿನದು 400ರಲ್ಲಿ. ಎಲ್ಲ ಶ್ರುತಿಗಳಲ್ಲೂ ನುಡಿಯಬೇಕೆಂದು ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿದ್ದರ ಬೆಲೆ ಅದು. ಅರ್ಧ ಗಂಟೆ ಕುಸ್ತಿ ಮಾಡಿದ ಮಾಸ್ತರರು ನಕ್ಕು, ‘ಇದು ಎಲ್ಲಾರ ಜೋಡಿ ಚೂರ ಚೂರ ರಾಜಿ ಮಾಡಿಕೊಂಡೈತಿ’ ಎಂದು ಗಿಟಾರು ಹಿಂದಿರುಗಿಸಿದರು. ಆ ಮೇಲೆ ಅವರು ನಮ್ಮ ಗದ್ದಲದ ಬಗ್ಗೆ ಒಮ್ಮೆಯೂ ದೂರಲಿಲ್ಲ.

ಗಣೇಶನ ಹಬ್ಬದ ವೇದಿಕೆಗಳಲ್ಲಿ ಜನ ಕೇಳುತ್ತಿದ್ದದ್ದು ಕನ್ನಡ ಸಿನಿಮಾ ಹಾಡು. ನಮಗೇನೂ ಅದು ಶಿಕ್ಷೆಯಾಗಿರಲಿಲ್ಲ. ಸ್ವತಃ ಗಿಟಾರು ಬಲ್ಲ ಇಳಯರಾಜಾ ‘ಗೀತಾ’ ಮತ್ತು ‘ಪಲ್ಲವಿ ಅನುಪಲ್ಲವಿ’ಯಲ್ಲಿ ಆ ವಾದ್ಯಕ್ಕೆ ಕೊಟ್ಟ ಕೆಲಸ ಯಾವ ಇಂಗ್ಲಿಷ್ ಹಾಡಿಗೂ ಕಡಿಮೆಯದಲ್ಲ. ನಮಗೆ ನಿಜಕ್ಕೂ ಕಷ್ಟ ಕೊಟ್ಟದ್ದು ಬೇಂದ್ರೆ. ಸಾಧನಕೇರಿಯ ಕವಿಯ ಪದ್ಯವೊಂದನ್ನು ಮೂರು ಕಾರ್ಡುಗಳಿಗೆ ಕೂರಿಸಲು ಹೋದೆವು. ನಾವು ಕಲಿತದ್ದೆಲ್ಲ ನಾಲ್ಕರ ಎಣಿಕೆ, ಪದ್ಯ ಮೂರರಲ್ಲಿ ಕುಣಿಯುತ್ತಿತ್ತು. ಗಂಟು ಬಿಡಿಸಿದವನು ಡ್ರಮ್ಮರ್. ‘ಇದು ನಮ್ಮಪ್ಪ ಮೆರವಣಿಗ್ಯಾಗ ಬಾರಸೋ ಪೆಟ್ಟು’ ಎಂದು ಇಂಗ್ಲಿಷ್ ಲಯವನ್ನು ಬದಿಗಿಟ್ಟು ಮನೆಯ ಪೆಟ್ಟು ಹಿಡಿದ. 1987ರಲ್ಲಿ ಕಾಲೇಜಿನ ಸಮಾರಂಭವೊಂದರಲ್ಲಿ ಅದನ್ನು ಹಾಡಿದೆವು. ಎರಡು ದಶಕಗಳ ನಂತರ, 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮ್ ಬಂತು. ನಮ್ಮ ಸೀಮೆಯವರೇ ಆದ ಶಿಶುನಾಳ ಷರೀಫರ ಪದಗಳನ್ನು ಅವರು ಗಿಟಾರಿನೊಂದಿಗೆ ಹಾಡಿ ದೇಶವಿದೇಶ ಸುತ್ತುವುದನ್ನು ಕಂಡು ನಾವು ಮೂವರು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು.

ಮೂವರು ಎಂದೆ. ರೈಲ್ವೆ ಕಾಲನಿಯ ಗೆಳೆಯ 1989ರಲ್ಲಿ ಮಸ್ಕತ್ತಿಗೆ ಹೋದ. ಅಲ್ಲಿಂದ ಆಸ್ಟ್ರೇಲಿಯಾ. ಗಿಟಾರನ್ನು ನಮ್ಮಲ್ಲೇ ಬಿಟ್ಟಿದ್ದ. ಅದು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ವರ್ಷಗಟ್ಟಲೆ ಇರುತ್ತಿತ್ತು. ಆಮೇಲೆ ಮಾರುಕಟ್ಟೆ ತೆರೆಯಿತು, ಅಂಗಡಿಗಳ ತುಂಬ ಗಿಟಾರು ಬಂದವು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2002ರಲ್ಲಿ ರೋಜರ್ ವಾಟರ್ಸ್, ಮರುವರ್ಷ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್. ಈಗ ನನ್ನ ಮನೆಯಲ್ಲಿ ಮೂರು ಗಿಟಾರುಗಳಿವೆ. ಫೋನು ಒತ್ತಿದರೆ ಡ್ರಮ್ಮೂ ಬೇಸೂ ಅದರಲ್ಲೇ ನುಡಿಯುತ್ತವೆ, ತಾಳ ತಪ್ಪುವುದಿಲ್ಲ. ಎಲ್ಲವೂ ಇರುವ ಆ ಕೋಣೆಯಲ್ಲಿ ನಾನು ಒಬ್ಬನೇ ನುಡಿಸುತ್ತೇನೆ.

2020ರಲ್ಲಿ ಗೆಳೆಯ ತೀರಿಕೊಂಡ. ಕೆಲವು ತಿಂಗಳ ನಂತರ ಅವನ ಮಗಳು ಬರೆದಳು: ‘ಅಪ್ಪ ಹಾಡುತ್ತಿದ್ದರಂತೆ. ಯಾವುದಾದರೂ ಧ್ವನಿಮುದ್ರಿಕೆ ಇದೆಯೇ?’ ಐದು ವರ್ಷ ನುಡಿಸಿದ ನಾಲ್ವರ ಬಗ್ಗೆ ಲೋಕದಲ್ಲಿ ಉಳಿದಿದ್ದ ಏಕೈಕ ದಾಖಲೆ ಬೇಸ್ ಗೆಳೆಯನ ಅಟ್ಟದ ಮೇಲಿನ ಒಂದು ಕ್ಯಾಸೆಟ್. 1987ರ ಸಮಾರಂಭದ್ದು, ಹನ್ನೊಂದು ನಿಮಿಷ. ಕಂಪ್ಯೂಟರಿಗೆ ಇಳಿಸಿ ಕೇಳಿದರೆ ಎಲ್ಲರ ದನಿಯೂ ಚಿಕ್ಕ ಹುಡುಗರದಂತೆ ಕೀರಲು. ಟೇಪ್‌ರೆಕಾರ್ಡರಿನ ಸೆಲ್ಲು ಇಳಿದಿತ್ತು. ಮುದ್ರಿಸುವಾಗ ಟೇಪು ನಿಧಾನ ಓಡಿದ್ದರಿಂದ ಈಗ ಎಲ್ಲವೂ ವೇಗವಾಗಿ ಕೇಳುತ್ತಿತ್ತು. ಎಷ್ಟು ಇಳಿಸಬೇಕೆಂದು ತಿಳಿಯುವುದು ಹೇಗೆ?

ದಾರಿ ತೋರಿಸಿದ್ದು ನಾವು ಅಂದು ಶಪಿಸುತ್ತಿದ್ದ ಗುಂಯ್‌ಗುಡುವಿಕೆ. ಒಂದೇ ಸುರುಳಿಯ ಪಿಕಪ್‌ಗಳು ಕರೆಂಟಿನ ಸದ್ದನ್ನೂ ಹಿಡಿದುಕೊಳ್ಳುತ್ತವೆ. ಎರಡು ಸುರುಳಿ ಜೋಡಿಸಿ ಅದನ್ನು ಅಳಿಸುವ ಪಿಕಪ್ಪನ್ನು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲೇ ರೂಪಿಸಿದ್ದ, ಆದರೆ ಅದು ನಮ್ಮ ತನಕ ಬಂದಿರಲಿಲ್ಲ. ಧ್ವನಿವರ್ಧಕದ ಅಂಗಡಿಯಿಂದ ಬಾಡಿಗೆಗೆ ತಂದ ಆಂಪ್ಲಿಫೈಯರ್ ಕಾರ್ಯಕ್ರಮದ ಉದ್ದಕ್ಕೂ ಗುಂಯ್‌ಗುಟ್ಟಿತ್ತು. ನಮ್ಮ ದೇಶದ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50. ಟೇಪಿನಲ್ಲಿ ಅದು ಐವತ್ತೆರಡೂವರೆಯ ಹತ್ತಿರ ಇತ್ತು. ಶೇಕಡಾ ಐದರಷ್ಟು ನಿಧಾನಿಸಿದೆ. ಅಂದಿನ ಗ್ರಿಡ್ ಐವತ್ತರಲ್ಲಿ ಕದಲದೆ ನಿಲ್ಲುತ್ತಿರಲಿಲ್ಲವಾದ್ದರಿಂದ ಇದೂ ಅಂದಾಜೇ. ಆದರೂ ಇ ಕಾರ್ಡು ಸುಮಾರು ಇ ಆಗಿ ಕೂತಿತು, ಗೆಳೆಯನ ದನಿ ಅವನದೇ ದನಿಯಾಗಿ ಇಳಿದು ಬಂತು.

ಮಗಳಿಗೆ ಕಳಿಸುವಾಗ ಯಾವ ನಿಮಿಷದಲ್ಲಿ ಯಾರು ಏನು ನುಡಿಸುತ್ತಿದ್ದಾರೆಂದು ಒಂದು ಪುಟ ಬರೆದು ಜೊತೆಗಿಟ್ಟೆ. ಗಿಟಾರು ಕೈ ಬದಲಾದ ಜಾಗಗಳನ್ನೂ ಗುರುತು ಹಾಕಿದೆ. ಅಲ್ಲಿ ಡ್ರಮ್ಮು ಮಾತ್ರ ಕೇಳುತ್ತದೆ. ಅವಳು ಮರಳಿ ಕೇಳಿದ್ದು ಒಂದೇ ಪ್ರಶ್ನೆ: ಬೇಂದ್ರೆಯವರ ಪದ್ಯ ಮುಗಿಯುವಾಗ ಮೈಕಿನ ಹತ್ತಿರ ಯಾರೋ ಜೋರಾಗಿ ನಗುತ್ತಾರೆ, ಅದು ಅಪ್ಪನೇ? ಉಳಿದಿಬ್ಬರಿಗೆ ಕೇಳಿಸಿದೆ. ಡ್ರಮ್ಮರ್ ಹೌದು ಎಂದ. ಬೇಸ್ ಗೆಳೆಯ, ಅಲ್ಲ, ಅದು ನೀನೇ ಎಂದ. ನನಗೆ ಅದು ಡ್ರಮ್ಮರನ ನಗುವಿನ ಹಾಗೆ ಕೇಳುತ್ತದೆ. ಮೂರೂ ಉತ್ತರಗಳನ್ನು ಹಾಗೇ ಬರೆದು ಕಳಿಸಿದೆ.