ಸೂಪರ್‌ಸ್ಕೋರ್: ಮರುಪರೀಕ್ಷೆಗಳ ಉತ್ತಮ ಅಂಕಗಳನ್ನು ಕೂಡಿಸುವ ಪದ್ಧತಿಯ ಇತಿಹಾಸ

ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯನ್ನು ವಿದ್ಯಾರ್ಥಿ ಒಂದಕ್ಕಿಂತ ಹೆಚ್ಚು ಸಲ ಬರೆದಿದ್ದರೆ, ಆ ಎಲ್ಲ ಸಲಗಳಲ್ಲಿ ಪ್ರತಿ ವಿಭಾಗಕ್ಕೆ ಬಂದ ಅತಿ ಹೆಚ್ಚಿನ ಅಂಕವನ್ನು ಆರಿಸಿ ಕೂಡಿಸಿದ ಮೊತ್ತಕ್ಕೆ ಸೂಪರ್‌ಸ್ಕೋರ್ ಎಂದು ಹೆಸರು. ಎಸ್‌ಎಟಿ ಪರೀಕ್ಷೆಯಲ್ಲಿ ಒಬ್ಬಳಿಗೆ ಮೊದಲ ಸಲ ಓದು-ಬರಹ ವಿಭಾಗದಲ್ಲಿ 680, ಗಣಿತದಲ್ಲಿ 720 ಬಂತು ಎನ್ನೋಣ; ಒಟ್ಟು 1400. ಎರಡನೆಯ ಸಲ ಓದು-ಬರಹದಲ್ಲಿ 730ಕ್ಕೆ ಏರಿ ಗಣಿತದಲ್ಲಿ 690ಕ್ಕೆ ಇಳಿದಳು; ಒಟ್ಟು 1420. ಮೊದಲ ಸಲದ 720ನ್ನೂ ಎರಡನೆಯ ಸಲದ 730ನ್ನೂ ಸೇರಿಸಿದರೆ ಅವಳ ಸೂಪರ್‌ಸ್ಕೋರ್ 1450. ಯಾವ ದಿನದ ಪರೀಕ್ಷೆಯಲ್ಲೂ ಅವಳು 1450 ತೆಗೆದಿರಲಿಲ್ಲ. ಆದರೂ ಎರಡು ಅಂಕಗಳೂ ಅವಳು ದುಡಿದು ಗಳಿಸಿದವೇ. ಈ ಪದ್ಧತಿಯ ಕುರಿತ ಎಲ್ಲ ವಾದಗಳೂ ಇಲ್ಲಿಂದಲೇ ಹುಟ್ಟಿವೆ.

ಎಸ್‌ಎಟಿ ಶುರುವಾದ ಕಾಲದಲ್ಲಿ ಇಂಥ ಲೆಕ್ಕಕ್ಕೆ ಎಡೆಯೇ ಇರಲಿಲ್ಲ. 1926ರ ಜೂನ್ 23ರಂದು ಕಾಲೇಜ್ ಬೋರ್ಡ್ ನಡೆಸಿದ ಮೊದಲ ಪರೀಕ್ಷೆಯನ್ನು ಸುಮಾರು 8,000 ಮಂದಿ ಬರೆದರು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಹೆಸರಿನಲ್ಲೇ ‘ಆಪ್ಟಿಟ್ಯೂಡ್’ ಎಂಬ ಪದವಿತ್ತು. ಹುಟ್ಟಿನಿಂದ ಬಂದ ಸಾಮರ್ಥ್ಯವನ್ನು ಅಳೆಯುತ್ತೇವೆ ಎಂದು ನಂಬಿದವರಿಗೆ ಒಂದೇ ಅಳತೆ ಸಾಕು, ಎತ್ತರ ಅಳೆದಂತೆ. 1930ರಲ್ಲಿ ಭಾಷೆ ಮತ್ತು ಗಣಿತದ ಅಂಕಗಳು ಬೇರೆಬೇರೆಯಾದವು. ಆಮೇಲೆ ಪ್ರತಿ ವಿಭಾಗಕ್ಕೆ 200ರಿಂದ 800ರ ಅಳತೆಗೋಲು ಬಳಕೆಗೆ ಬಂತು. ವಿಭಾಗಗಳು ಬೇರೆಯಾದ ಮೇಲೆಯೇ ಒಂದನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ಆರಿಸಿಕೊಳ್ಳುವ ದಾರಿ ತೆರೆಯಿತು. ಆ ದಾರಿಯಲ್ಲಿ ನಡೆಯುವವರು ಬರಲು ಮಾತ್ರ ಬಹಳ ವರ್ಷ ಬೇಕಾಯಿತು.

ಒಂದೇ ಅಳತೆ ಸಾಕೆಂಬ ನಂಬಿಕೆ ಬಿರುಕು ಬಿಟ್ಟದ್ದು ಕೋಚಿಂಗ್‌ನಿಂದ. ಬ್ರೂಕ್ಲಿನ್‌ನ ಸ್ಟ್ಯಾನ್ಲಿ ಕಪ್ಲಾನ್ 1946ರಲ್ಲಿ ಎಸ್‌ಎಟಿಗೆ ಪಾಠ ಹೇಳಿಕೊಡಲು ತೊಡಗಿದರು. ಅಭ್ಯಾಸದಿಂದ ಈ ಪರೀಕ್ಷೆಯ ಅಂಕ ಅಷ್ಟಾಗಿ ಏರುವುದಿಲ್ಲ ಎಂದು ಬೋರ್ಡು ಬಹುಕಾಲ ಹೇಳುತ್ತಲೇ ಇತ್ತು. ಅಂಕ ಏರುವುದನ್ನು ಮಕ್ಕಳೂ ಪೋಷಕರೂ ಕಣ್ಣಾರೆ ಕಾಣುತ್ತಿದ್ದರು. 1990ರ ದಶಕದಲ್ಲಿ ‘ಆಪ್ಟಿಟ್ಯೂಡ್’ ಹೋಗಿ ‘ಅಸೆಸ್‌ಮೆಂಟ್’ ಬಂತು. ಕಡೆಗೆ ಮೂರು ಅಕ್ಷರಗಳಷ್ಟೇ ಉಳಿದು, ಅವಕ್ಕೆ ವಿಸ್ತರಣೆಯೇ ಇಲ್ಲವಾಯಿತು. ಹೆಸರಿನ ಈ ಬದಲಾವಣೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಅಂಕ ಎಂಬುದು ಒಬ್ಬರ ಹಣೆಬರಹವಲ್ಲ, ಒಂದು ದಿನದ ಬರವಣಿಗೆಯ ಫಲ ಎಂದು ಒಪ್ಪಿದ ಮೇಲೆ ತಾನೇ ಮತ್ತೊಂದು ದಿನದ ಫಲವನ್ನು ಪಕ್ಕದಲ್ಲಿಟ್ಟು ನೋಡುವ ಮಾತು ಬರುವುದು.

ಸೂಪರ್‌ಸ್ಕೋರ್ ಯಾವುದೋ ಒಂದು ದಿನ ಆದೇಶವಾಗಿ ಹೊರಟ ಪದ್ಧತಿಯಲ್ಲ. ಎಸ್‌ಎಟಿಯ ಮಟ್ಟಿಗೆ ಇದು ಒಂದೊಂದು ಕಾಲೇಜಿನ ಪ್ರವೇಶಾತಿ ಕಚೇರಿ ತಾನೇ ತೀರ್ಮಾನಿಸಿಕೊಂಡದ್ದು. ಆದ್ದರಿಂದಲೇ ನಿಯಮಗಳಲ್ಲಿ ಏಕರೂಪವಿಲ್ಲ. ಎಂಐಟಿ ಪ್ರತಿ ವಿಭಾಗದ ಅತ್ಯುತ್ತಮ ಅಂಕವನ್ನು ಪರಿಗಣಿಸುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಈ ಪರೀಕ್ಷೆಗಳನ್ನು ಕೈಬಿಡುವ ತನಕ ಒಂದೇ ದಿನದಲ್ಲಿ ಬಂದ ಅತಿ ಹೆಚ್ಚಿನ ಮೊತ್ತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಬರೆದ ಪರೀಕ್ಷೆಗಳೆಲ್ಲದರ ಅಂಕವನ್ನೂ ಕಳಿಸಲೇಬೇಕು ಎನ್ನುತ್ತದೆ. 2009ರಲ್ಲಿ ಕಾಲೇಜ್ ಬೋರ್ಡು ‘ಸ್ಕೋರ್ ಚಾಯ್ಸ್’ ಜಾರಿಗೆ ತಂದು, ಯಾವ ದಿನದ ಅಂಕ ಕಳಿಸಬೇಕೆಂಬ ಆಯ್ಕೆಯನ್ನು ವಿದ್ಯಾರ್ಥಿಗೆ ಕೊಟ್ಟಿತು. ಆದರೆ ದಿನವನ್ನು ಆರಿಸಬಹುದೇ ಹೊರತು ವಿಭಾಗವನ್ನಲ್ಲ. ಮೇಲಿನ ಹುಡುಗಿ ತನ್ನ 720 ಕಾಣಿಸಬೇಕೆಂದರೆ ಅದರ ಜೊತೆಗಿರುವ 680ನ್ನೂ ಕಳಿಸಲೇಬೇಕು. ಅದನ್ನು ಗಮನಿಸದೆ ಬಿಡುವುದು ಕಾಲೇಜಿಗೆ ಸೇರಿದ್ದು.

ಕಾಲೇಜುಗಳಿಗೂ ಇದರಲ್ಲಿ ಲಾಭವಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. ಯು.ಎಸ್. ನ್ಯೂಸ್ ಪತ್ರಿಕೆ 1983ರಲ್ಲಿ ಕಾಲೇಜುಗಳ ಶ್ರೇಯಾಂಕ ಪಟ್ಟಿ ಶುರುಮಾಡಿದ ಮೇಲೆ, ಸೇರಿದ ವಿದ್ಯಾರ್ಥಿಗಳ ಎಸ್‌ಎಟಿ ಅಂಕ ಕಾಲೇಜಿನ ಪ್ರತಿಷ್ಠೆಯ ಗುರುತಾಯಿತು. ಸೂಪರ್‌ಸ್ಕೋರಿನಿಂದ ವಿದ್ಯಾರ್ಥಿಯ ಅಂಕ ಏರಿದಷ್ಟೂ ಕಾಲೇಜಿನ ಅಂಕವೂ ಏರಿ ಕಾಣುತ್ತದೆ.

ವಿಭಾಗಗಳು ಹೆಚ್ಚಿದಂತೆ ಆರಿಸುವ ಅವಕಾಶವೂ ಹೆಚ್ಚುತ್ತದೆ. 2005ರಿಂದ 2016ರವರೆಗೆ ಎಸ್‌ಎಟಿಯಲ್ಲಿ ಬರವಣಿಗೆ ಮೂರನೆಯ ವಿಭಾಗವಾಗಿ, ಒಟ್ಟು ಅಂಕ 2400 ಆಗಿತ್ತು. 2016ರಲ್ಲಿ ಮತ್ತೆ ಎರಡು ವಿಭಾಗ, 1600. ಪ್ರತಿಸ್ಪರ್ಧಿ ಪರೀಕ್ಷೆಯಾದ ಎಸಿಟಿಯಲ್ಲಿ 2025ರವರೆಗೆ ನಾಲ್ಕು ಕಡ್ಡಾಯ ವಿಭಾಗಗಳಿದ್ದವು. ಅಯೋವಾ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ 1959ರಲ್ಲಿ ಆರಂಭಿಸಿದ ಈ ಪರೀಕ್ಷೆಯಲ್ಲಿ ಮೊತ್ತವಲ್ಲ, ಸರಾಸರಿಯೇ ಅಂತಿಮ, ಗರಿಷ್ಠ 36. ಇಂಗ್ಲಿಷ್, ಗಣಿತ, ಓದು, ವಿಜ್ಞಾನದಲ್ಲಿ ಮೊದಲ ಸಲ 28, 24, 27, 25 ಬಂದರೆ ಸರಾಸರಿ 26. ಎರಡನೆಯ ಸಲ 26, 28, 25, 27 ಬಂದರೆ 26.5, ಅದು ಪೂರ್ಣಾಂಕಕ್ಕೆ ಏರಿ 27 ಆಗುತ್ತದೆ. ಎರಡರಿಂದಲೂ ಆರಿಸಿದರೆ 28, 28, 27, 27. ಸರಾಸರಿ 27.5, ಅಂಕಪಟ್ಟಿಯಲ್ಲಿ 28.

ಎಸಿಟಿ ಸಂಸ್ಥೆ 2019ರ ಅಕ್ಟೋಬರ್‌ನಲ್ಲಿ ಘೋಷಿಸಿದ ಹೆಜ್ಜೆಗಳಲ್ಲಿ ಎರಡು ಇವು: ಸೂಪರ್‌ಸ್ಕೋರನ್ನು ತಾನೇ ಲೆಕ್ಕ ಹಾಕಿ ಕಾಲೇಜಿಗೆ ಕಳಿಸುವುದು, ಮತ್ತು ಬೇಕಾದ ಒಂದೇ ವಿಭಾಗವನ್ನು ಮತ್ತೆ ಬರೆಯಲು ಬಿಡುವುದು. ಕೋವಿಡ್ ಬಂದು ಎರಡನೆಯದು ಮುಂದಕ್ಕೆ ಹೋಯಿತು, ಮೊದಲನೆಯದು ಜಾರಿಯಾಯಿತು. ಪರೀಕ್ಷೆ ನಡೆಸುವ ಸಂಸ್ಥೆಯೇ ಹೀಗೆ ಮುಂದೆ ಬಂದದ್ದರ ಹಿಂದೆ ಸಂಶೋಧನೆಯ ಬೆಂಬಲವಿತ್ತು. ಎಸಿಟಿಯ ಕ್ರಿಸ್ಟಾ ಮ್ಯಾಟರ್ನ್, ಹಾರ್ವರ್ಡ್‌ನ ಆಂಡ್ರ್ಯೂ ಹೋ ಮತ್ತಿತರರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊನೆಯ ಅಂಕ, ಅತಿ ಹೆಚ್ಚಿನ ಅಂಕ, ಸರಾಸರಿ, ಸೂಪರ್‌ಸ್ಕೋರ್ ಈ ನಾಲ್ಕನ್ನೂ ಕಾಲೇಜಿನ ಮೊದಲ ವರ್ಷದ ಸಾಧನೆಯ ಜೊತೆ ಹೋಲಿಸಿ ನೋಡಿದರು. ಹಲವು ಸಲ ಬರೆದವರ ಸೂಪರ್‌ಸ್ಕೋರ್ ಉಬ್ಬಿದ ಅಂಕವಾಗಿರುತ್ತದೆ, ಕಾಲೇಜಿನಲ್ಲಿ ಅವರು ಅಷ್ಟು ಚೆನ್ನಾಗಿ ಓದುವುದಿಲ್ಲ ಎಂಬುದು ಸಾಮಾನ್ಯ ಶಂಕೆ. ಫಲಿತಾಂಶ ಅದಕ್ಕೆ ತದ್ವಿರುದ್ಧ: ನಾಲ್ಕರಲ್ಲಿ ಸೂಪರ್‌ಸ್ಕೋರಿನ ಅಂದಾಜೇ ಹೆಚ್ಚು ನ್ಯಾಯವಾಗಿತ್ತು. ಬಿಡದೆ ಮತ್ತೆ ಮತ್ತೆ ಬರೆಯುವವರ ಛಲ ಕಾಲೇಜಿನಲ್ಲೂ ಕೆಲಸಕ್ಕೆ ಬರುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಆದರೆ ಮತ್ತೆ ಬರೆಯುವವರು ಯಾರು? ಜೋಶುವಾ ಗುಡ್‌ಮನ್, ಓಡೆಡ್ ಗುರಾಂಟ್ಜ್, ಜೊನಾಥನ್ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನದ ಪ್ರಕಾರ ಎಸ್‌ಎಟಿ ಬರೆದವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಎರಡನೆಯ ಸಲ ಬರೆಯುತ್ತಾರೆ. ಬಡ ಕುಟುಂಬಗಳ ಮಕ್ಕಳಲ್ಲಿ ಈ ಪಾಲು ಇನ್ನೂ ಕಡಿಮೆ. ಅವರು ಕಂಡುಕೊಂಡ ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುವಂಥದ್ದು. ಒಟ್ಟು ಅಂಕ ನೂರರ ಗಡಿಗೆ ಸ್ವಲ್ಪ ಕೆಳಗೆ, ಉದಾಹರಣೆಗೆ 1190ರಲ್ಲಿ, ನಿಂತವರಲ್ಲಿ ಮತ್ತೆ ಬರೆಯುವವರು ಹೆಚ್ಚು. 1200 ಮುಟ್ಟಿದವರು ಅಷ್ಟಕ್ಕೇ ಸುಮ್ಮನಾಗುವುದು ಹೆಚ್ಚು. ಮತ್ತೆ ಬರೆದದ್ದರಿಂದ ಅಂಕವೂ ಏರಿತು, ನಾಲ್ಕು ವರ್ಷದ ಪದವಿ ಕಾಲೇಜಿಗೆ ಸೇರುವವರೂ ಹೆಚ್ಚಿದರು, ಅದರಲ್ಲೂ ಬಡ ವಿದ್ಯಾರ್ಥಿಗಳು. ಶುಲ್ಕ ವಿನಾಯಿತಿಗೆ ಅರ್ಹರಾದವರಿಗೆ ಎಸ್‌ಎಟಿಯನ್ನು ಎರಡು ಸಲ ಉಚಿತವಾಗಿ ಬರೆಯುವ ಸೌಲಭ್ಯವಿದೆ. ಮೂರನೆಯ, ನಾಲ್ಕನೆಯ ಸಲದ ಶುಲ್ಕ ಕಟ್ಟಬಲ್ಲ ಮನೆಯ ಮಗುವಿಗೆ ಆರಿಸಿಕೊಳ್ಳಲು ಸಿಗುವ ಅಂಕಗಳು ಅಷ್ಟಷ್ಟು ಹೆಚ್ಚು. ಸೂಪರ್‌ಸ್ಕೋರಿನ ಮೇಲಿನ ಆಕ್ಷೇಪಗಳಲ್ಲಿ ಉತ್ತರ ಸಿಗದೆ ಉಳಿದಿರುವುದು ಇದೊಂದೇ.

ಭಾರತದಲ್ಲಿ ಇದರ ಸೋದರ ಪದ್ಧತಿಗಳಿವೆ. ಹೋಲಿಸುವಾಗ ಮಾತ್ರ ಎಚ್ಚರ ಬೇಕು. 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುವ ಜೆಇಇ ಮೇನ್‌ನಲ್ಲಿ ಉತ್ತಮವಾದ ಸಲದ ಒಟ್ಟು ಸ್ಕೋರನ್ನು ರ್‍ಯಾಂಕಿಗೆ ಹಿಡಿಯುತ್ತಾರೆ. ಜನವರಿಯ ಭೌತಶಾಸ್ತ್ರವನ್ನು ಏಪ್ರಿಲ್‌ನ ಗಣಿತಕ್ಕೆ ಜೋಡಿಸುವಂತಿಲ್ಲ. ಆದ್ದರಿಂದ ಅದು ಸೂಪರ್‌ಸ್ಕೋರ್ ಅಲ್ಲ. ಹತ್ತಿರ ಬರುವುದು ಕರ್ನಾಟಕದ ವ್ಯವಸ್ಥೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದು ಮೂರು ಅವಕಾಶಗಳು ಬಂದವು. ‘ಪೂರಕ ಪರೀಕ್ಷೆ’ ಎಂಬ ಹೆಸರೂ, ಅದಕ್ಕೆ ಅಂಟಿದ್ದ ಫೇಲಾದವರ ಪರೀಕ್ಷೆ ಎಂಬ ಕಳಂಕವೂ ಹೋದವು. ಪಾಸಾದವರೂ ಬೇಕಾದ ವಿಷಯವನ್ನು ಮತ್ತೆ ಬರೆದು, ಆ ವಿಷಯದಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿನಲ್ಲಿ ಅರ್ಧ ತೂಕ ಪಿಯು ಅಂಕಗಳದ್ದಾದ್ದರಿಂದ, ಗಣಿತದಲ್ಲಿ ಹತ್ತು ಅಂಕ ಹೆಚ್ಚುವುದೂ ಇಲ್ಲಿ ಸಣ್ಣ ಸಂಗತಿಯಲ್ಲ.

ಮತ್ತೆ ಅಮೆರಿಕಕ್ಕೆ ಮರಳಿದರೆ, ಕೋವಿಡ್ ಕಾಲದಲ್ಲಿ ಪ್ರವೇಶ ಪರೀಕ್ಷೆಯನ್ನು ಐಚ್ಛಿಕ ಮಾಡಿದ್ದ ಕಾಲೇಜುಗಳಲ್ಲಿ ಕೆಲವು ಅದನ್ನು ಮತ್ತೆ ಕಡ್ಡಾಯಗೊಳಿಸಿವೆ: ಎಂಐಟಿ 2022ರಲ್ಲಿ, ಡಾರ್ಟ್‌ಮತ್ ಮತ್ತು ಹಾರ್ವರ್ಡ್ 2024ರಲ್ಲಿ. 2025ರ ಏಪ್ರಿಲ್‌ನಿಂದ ಹೊಸ ಮಾದರಿಯ ಎಸಿಟಿಯಲ್ಲಿ ವಿಜ್ಞಾನ ಐಚ್ಛಿಕವಾಗಿದ್ದು, ಇಂಗ್ಲಿಷ್, ಗಣಿತ ಮತ್ತು ಓದು ಈ ಮೂರರ ಸರಾಸರಿಯೇ ಅಂತಿಮ ಅಂಕ.