ಮುತ್ತಿನ ಸಾಲದಿಂದ ಕಫಾಲಾದವರೆಗೆ

ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಬದಲಿಸುವ ನಮಗೆ ಹಳೆಯ ಕಂಪನಿಯಿಂದ ರಿಲೀವಿಂಗ್ ಲೆಟರ್ ಬೇಕಾಗುತ್ತದೆ. ಅದು ತಡವಾದರೆ ತಲೆನೋವು, ಅಷ್ಟೇ. ಅದೇ ಊರಿನಲ್ಲಿ ಉಳಿಯಲು, ರೈಲು ಹತ್ತಿ ಮನೆಗೆ ಹೋಗಲು ಆ ಕಾಗದ ಬೇಕಿಲ್ಲ. ಆದರೆ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ, ಕೆಲಸ ಬದಲಿಸಲು, ಅಲ್ಲಿ ಉಳಿಯಲು, ಕೆಲವು ದೇಶಗಳಲ್ಲಿ ತಾಯ್ನಾಡಿಗೆ ಮರಳಲು ಕೂಡ ಮಾಲೀಕನ ಒಪ್ಪಿಗೆಯೇ ಬೇಕಿತ್ತು. ಈ ವ್ಯವಸ್ಥೆಯ ಹೆಸರು ಕಫಾಲಾ. 'ಅದು ಅರಬರ ಹಿಂದಿನಿಂದ ಬಂದ ಪದ್ಧತಿ, ಏನು ಮಾಡಲಾಗುತ್ತದೆ' ಎಂದು ನಾವು ಸುಮ್ಮನಾಗುತ್ತೇವೆ. ಇತಿಹಾಸ ನೋಡಿದರೆ ಆ ಮಾತು ಅಷ್ಟು ಸರಿಯಲ್ಲ.

ಕಫಾಲಾ ಎಂದರೆ ಹೊಣೆ ಹೊರುವುದು. ಅನಾಥ ಮಗುವನ್ನು ಸಾಕುವುದಕ್ಕೂ ಅರಬ್ಬಿಯಲ್ಲಿ ಇದೇ ಪದ. ಹೊಣೆ ಹೊತ್ತವನು ಕಫೀಲ್, ನಮ್ಮ ಮಾತಿನಲ್ಲಿ ಜಾಮೀನುದಾರ. ಇಷ್ಟು ಒಳ್ಳೆಯ ಪದ ಸಂಕೋಲೆಯಾದದ್ದು ಹೇಗೆ? ಅದನ್ನು ತಿಳಿಯಲು ತೈಲಕ್ಕೂ ಹಿಂದಿನ ಕಾಲಕ್ಕೆ, ಮುತ್ತಿನ ಕಾಲಕ್ಕೆ ಹೋಗಬೇಕು.

20ನೇ ಶತಮಾನದ ಆರಂಭದಲ್ಲಿ ಬಹ್ರೇನ್, ಕುವೈತ್, ಕತಾರ್, ದುಬೈಗಳು ಬದುಕುತ್ತಿದ್ದುದು ಮುತ್ತಿನ ಮೇಲೆ. ಬೇಸಿಗೆಯ ನಾಲ್ಕು ತಿಂಗಳು ದೋಣಿಗಳು ಸಮುದ್ರದಲ್ಲೇ ಇರುತ್ತಿದ್ದವು. ಮೂಗಿಗೆ ಚಿಮುಟ, ಕಾಲಿಗೆ ಕಲ್ಲು ಕಟ್ಟಿಕೊಂಡು ಮುಳುಗುಗಾರರು ದಿನಕ್ಕೆ ಹತ್ತಾರು ಬಾರಿ ತಳಕ್ಕೆ ಇಳಿಯುತ್ತಿದ್ದರು. ಅವರಿಗೆ ಸಂಬಳವಿರಲಿಲ್ಲ, ಸಿಕ್ಕ ಮುತ್ತಿನಲ್ಲಿ ಪಾಲು ಮಾತ್ರ. ಮನೆಯವರ ಹೊಟ್ಟೆಪಾಡಿಗೆ ಮುಂಗಡ ಕೊಡುತ್ತಿದ್ದವನು ದೋಣಿಯ ನಾಯಕ ನಖೂದಾ. ನಖೂದಾನಿಗೆ ಸಾಲ ಕೊಡುತ್ತಿದ್ದವನು ವರ್ತಕ. ಆ ವರ್ತಕರ ಮುತ್ತು ಬಹುಪಾಲು ಬಂದು ಸೇರುತ್ತಿದ್ದುದು ಅಂದಿನ ಬೊಂಬಾಯಿ ಪೇಟೆಗೆ.

ಲೆಕ್ಕದ ಪುಸ್ತಕ ನಖೂದಾನ ಕೈಯಲ್ಲಿ. ಮುಳುಗುಗಾರನಿಗೆ ಸಾಮಾನ್ಯವಾಗಿ ಓದು ಬರಹವಿಲ್ಲ. ಹಂಗಾಮು ಕೆಟ್ಟರೆ ಸಾಲ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಅವನು ಸತ್ತರೆ ಮಗನ ಕುತ್ತಿಗೆಗೋ ತಮ್ಮನ ಕುತ್ತಿಗೆಗೋ ಬೀಳುತ್ತಿತ್ತು. ಬೇರೆ ದೋಣಿಗೆ ಹೋಗಬೇಕೆಂದರೆ 'ಬರ್ವಾ' ಎಂಬ ಚೀಟಿ ಬೇಕು. ಇವನ ಸಾಲ ಇಷ್ಟಿದೆ, ಅಥವಾ ಇಲ್ಲ, ಎಂದು ಹಳೆಯ ನಖೂದಾ ಬರೆದುಕೊಡುವ ಚೀಟಿ ಅದು. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವ ಈ ರೀತಿ ನಮಗೇನೂ ಹೊಸದಲ್ಲ. ನಮ್ಮಲ್ಲಿ ಅದಕ್ಕೆ ಜೀತ ಎಂಬ ಹೆಸರಿತ್ತು.

ಬಹ್ರೇನಿನಲ್ಲಿ 1920ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳು ಇದನ್ನು ತಿದ್ದಲು ಹೊರಟರು. ಪ್ರತಿ ಮುಳುಗುಗಾರನಿಗೂ ಅವನದೇ ಲೆಕ್ಕದ ಪುಸ್ತಕ ಕೊಟ್ಟರು, ಮುಂಗಡಕ್ಕೆ ಮಿತಿ ಹಾಕಿದರು. ಆದರೆ 1932ರಲ್ಲಿ ಮುಳುಗುಗಾರರೇ ದಂಗೆ ಎದ್ದರು. ಜಪಾನಿನ ಸಾಕು ಮುತ್ತು, ಜಗತ್ತಿನ ಆರ್ಥಿಕ ಕುಸಿತ ಎರಡೂ ಸೇರಿ ಮುತ್ತಿನ ಬೆಲೆ ಬಿದ್ದುಹೋಗಿತ್ತು, ಮುಂಗಡವೂ ಇಳಿದಿತ್ತು. ಪುಸ್ತಕದಲ್ಲಿ ಲೆಕ್ಕ ಸರಿಯಿದ್ದರೂ ಮನೆಯಲ್ಲಿ ಅಕ್ಕಿ ಇಲ್ಲದಿದ್ದರೆ ಏನು ಪ್ರಯೋಜನ?

ಅದೇ 1932ರಲ್ಲಿ ಬಹ್ರೇನಿನಲ್ಲಿ ತೈಲ ಸಿಕ್ಕಿತು. ಕಂಪನಿಗೆ ಹೊರಗಿನ ಕುಶಲಕರ್ಮಿಗಳು, ಗುಮಾಸ್ತರು ಬೇಕಾದರು; ಭಾರತದಿಂದಲೂ ಜನ ಹೋದರು. ಬಂದವರ ಮೇಲೆ ಕಣ್ಣಿಡಲು ಆಡಳಿತಕ್ಕೆ ಸ್ಥಳೀಯನೊಬ್ಬನ ಹೊಣೆ ಬೇಕಿತ್ತು. ಇಂದಿನ ಕಫಾಲಾದ ಬೇರು ಬ್ರಿಟಿಷರ ಕಾಲದ ಇಂಥ ಕ್ರಮಗಳಲ್ಲಿದೆ ಎಂದು ಬಹ್ರೇನಿನ ವಿದ್ವಾಂಸ ಓಮರ್ ಅಲ್‌ಶೆಹಾಬಿ 2019ರಲ್ಲಿ ವಾದಿಸಿದರು. ನೆನಪಿಡಬೇಕಾದ ಮಾತೆಂದರೆ, ಕೊಲ್ಲಿಯ ಬ್ರಿಟಿಷ್ ಆಡಳಿತ 1947ರವರೆಗೂ ಭಾರತ ಸರ್ಕಾರದ ಕೈಕೆಳಗಿತ್ತು. ಅಲ್ಲಿ ಓಡುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿಸಿತು.

ಕುವೈತ್ 1961ರಲ್ಲಿ, ಬಹ್ರೇನ್, ಕತಾರ್, ಎಮಿರೇಟ್ಸ್ 1971ರಲ್ಲಿ ಸ್ವತಂತ್ರವಾದವು. 1973ರಲ್ಲಿ ತೈಲದ ಬೆಲೆ ಏರಿದಾಗ ಲಕ್ಷಗಟ್ಟಲೆ ಜನ ಬೇಕಾದರು, ಕಫಾಲಾ ಕಾನೂನಾಗಿ ಗಟ್ಟಿಯಾಯಿತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೊರಟವರಲ್ಲಿ ಎಷ್ಟೋ ಮಂದಿ ಮುಂಬೈಯ ಏಜೆಂಟರ ಬಾಗಿಲಲ್ಲಿ ಕಾದು ವಿಮಾನ ಹತ್ತಿದವರು. ಅವರು ಕಳಿಸಿದ ಹಣದಲ್ಲಿ ಮನೆಗಳೆದ್ದವು, ತಂಗಿಯರ ಮದುವೆಗಳಾದವು. ಅದು ಸುಳ್ಳಲ್ಲ. ಆದರೆ ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿತ್ತು. ಸೌದಿಯಲ್ಲಿ ಕಫೀಲನು 'ಹುರೂಬ್', ಅಂದರೆ ಓಡಿಹೋದವನು, ಎಂದು ದೂರು ಕೊಟ್ಟರೆ ಸಾಕು, ದುಡಿಯಲು ಹೋದವನು ಅಪರಾಧಿಯಾಗುತ್ತಿದ್ದ.

ಇದು ಬದಲಾಗುತ್ತಿದೆ. 2009ರಲ್ಲಿ ಬಹ್ರೇನ್ ಮೊದಲ ಹೆಜ್ಜೆ ಇಟ್ಟಿತು. ಅಲ್ಲಿನ ಕಾರ್ಮಿಕ ಸಚಿವರೇ ಕಫಾಲಾವನ್ನು ಗುಲಾಮಗಿರಿಗೆ ಹೋಲಿಸಿದರು. ವಿಶ್ವಕಪ್ಪಿನ ಮೇಲೆ ಲೋಕದ ಕಣ್ಣಿದ್ದಾಗ ಕತಾರ್ ದೇಶ ಬಿಡುವ ಪರವಾನಗಿಯನ್ನು 2018ರಿಂದ 2020ರ ನಡುವೆ ಬಹುಮಟ್ಟಿಗೆ ತೆಗೆದುಹಾಕಿತು. ಕೆಲಸ ಬದಲಿಸಲು ಬೇಕಿದ್ದ ಮಾಲೀಕನ ಒಪ್ಪಿಗೆಪತ್ರವೂ 2020ರಲ್ಲಿ ಹೋಯಿತು. ಮರುವರ್ಷ ತಿಂಗಳಿಗೆ 1000 ರಿಯಾಲ್ ಕನಿಷ್ಠ ವೇತನ ಜಾರಿಗೆ ಬಂತು. ಸೌದಿಯೂ 2021ರಲ್ಲಿ ನಿಯಮ ಸಡಿಲಿಸಿತು, ಆದರೆ ಆ ಸುಧಾರಣೆಯಲ್ಲಿ ಮನೆಗೆಲಸದವರನ್ನೂ ಮನೆಯ ಚಾಲಕರನ್ನೂ ಹೊರಗಿಟ್ಟಿತು. ನಾಲ್ಕು ಗೋಡೆಗಳ ನಡುವೆ ದುಡಿಯುವ ಹೆಣ್ಣುಮಗಳನ್ನು ಕಾನೂನು ಕೊನೆಗೆ ಮುಟ್ಟುತ್ತದೆ.

ಇಷ್ಟಾದರೂ ಮುಳುಗುಗಾರನ ಕಾಲದ ಒಂದು ವಸ್ತು ಹಾಗೆಯೇ ಉಳಿದಿದೆ: ಸಾಲ. ಅದು ಕೊಲ್ಲಿಯಲ್ಲಿ ಹುಟ್ಟುವುದಲ್ಲ, ನಮ್ಮ ಊರಿನಲ್ಲೇ ಹುಟ್ಟುವುದು. ನಮ್ಮ ವಲಸೆ ಕಾಯ್ದೆ 1983ರದ್ದು. ಅದರ ನಿಯಮದಂತೆ ಏಜೆಂಟನು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ತೆರಿಗೆ. ಆದರೆ ಅದರ ಹಲವು ಪಟ್ಟು ಕೊಟ್ಟು, ತಾಯಿಯ ಬಳೆ ಅಡವಿಟ್ಟು ಹೋದವರು ನಮ್ಮ ನೆಂಟರಲ್ಲೇ ಇದ್ದಾರೆ. ಅಷ್ಟು ಸಾಲ ಹೊತ್ತು ಹೋದವನಿಗೆ ಕೆಲಸ ಬಿಡುವ ಹಕ್ಕು ಕಾನೂನಿನಲ್ಲಿದ್ದರೂ ಬಿಡುವ ಧೈರ್ಯ ಎಲ್ಲಿಂದ ಬರಬೇಕು? ವಲಸೆ ಕಾರ್ಮಿಕರ ಹಕ್ಕುಗಳ ಬಗೆಗಿನ 1990ರ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಕೊಲ್ಲಿಯ ರಾಜ್ಯಗಳು ಒಪ್ಪಿಲ್ಲ. ಭಾರತವೂ ಒಪ್ಪಿಲ್ಲ.

'ಹಕ್ಕು' ಎಂಬ ಮಾತೇ ಅರಬ್ಬಿಯಿಂದ ಕನ್ನಡಕ್ಕೆ ಬಂದದ್ದು. ಅಲ್ಲಿಂದ ಪದ ತಂದುಕೊಂಡ ನಾವು, ಅಲ್ಲಿಗೆ ಹೋಗುವ ನಮ್ಮವರ ಕೈಯಲ್ಲಿ ಅದನ್ನು ಕಳಿಸಿಕೊಡುವುದು ಮರೆತಿದ್ದೇವೆ. ಇನ್ನು ಮುಂದೆ ಊರಿಗೆ ಹೋದಾಗ ಯಾರಾದರೂ ಗಲ್ಫಿಗೆ ಹೊರಟಿದ್ದಾರೆಂದು ತಿಳಿದರೆ, ವೀಸಾ ಬಂತಾ ಎಂದು ಕೇಳಿ ಸುಮ್ಮನಾಗುವುದು ಬೇಡ. ಏಜೆಂಟನಿಗೆ ಎಷ್ಟು ಕೊಟ್ಟೆ, ರಸೀದಿ ಇದೆಯಾ, ಕರಾರುಪತ್ರ ನಿನಗೆ ಓದಲು ಬರುವ ಭಾಷೆಯಲ್ಲಿದೆಯಾ ಎಂದೂ ಕೇಳೋಣ. ಇಲ್ಲವೆಂದರೆ ಜೊತೆಯಲ್ಲಿ ಕೂತು ಓದಿ ಹೇಳೋಣ. ಓದು ಕಲಿತು ಊರು ಬಿಟ್ಟ ನಾವು ಅಷ್ಟನ್ನಾದರೂ ಮಾಡಬಲ್ಲೆವು.